ಬೆಟ್ಸಿ ಆಂಟಿಯ ಗೋಧಿ ತೆನೆ

ಇರಾನಿ ರೊಟ್ಟಿಯಂಗಡಿಯ ಒಲೆಯಿಂದ ಗೋಧಿ ಬೇಯುವ ವಾಸನೆ ಬಂದರೆ ಸಾಕು, ನಾನು ಒಮ್ಮೆಯೂ ಕಾಲಿಡದ ಊರೊಂದು ನೆನಪಾಗುತ್ತದೆ, ಅದರ ಬೆನ್ನಿಗೇ ನನ್ನ ಪೆದ್ದುತನ. ಮೊದಲೇ ಹೇಳಿಬಿಡುತ್ತೇನೆ: ಒಂದು ಶುಕ್ರವಾರ ಬೆಳಿಗ್ಗೆ ಮುಚ್ಚಿದ ಬಾಗಿಲ ಹಿಂದೆ ಕೂತು, ಚಿಕ್ಕಮ್ಮನ ಸ್ವರದಲ್ಲಿ ಅಜ್ಜಿಗೆ ಉತ್ತರ ಕೊಟ್ಟವನು ನಾನೇ. ಆಗ ನಾನು ಯಾರ ಸ್ವರವನ್ನೂ ಬಿಡುತ್ತಿರಲಿಲ್ಲ. ಪ್ರಸಂಗದ ನಡುವೆ ಪಾದ್ರಿಗಳು ಕೆಮ್ಮುವ ಬಗೆ, ಕಟ್ಟಡದ ಕಾವಲುಗಾರ ಅರಬಿಯಲ್ಲಿ ಅವಸರಪಡಿಸುವ ‘ಯಲ್ಲಾ ಯಲ್ಲಾ’, ಶುವೈಖಿನ ಗ್ಯಾರೇಜಿಗೆ ಫೋನು ಮಾಡಿ ‘ಭಾಯಿ, ಇವತ್ತಾದರೂ ಗಾಡಿ ಕೊಡು’ ಎಂದು ಅಪ್ಪ ಹರಕು ಹಿಂದಿಯಲ್ಲಿ ಗೋಗರೆಯುವುದು, ಎಲ್ಲವೂ ನನ್ನ ಗಂಟಲಲ್ಲಿ ತಯಾರಿರುತ್ತಿದ್ದವು. ನನ್ನ ಸ್ವಂತ ಸ್ವರ ಹೇಗಿತ್ತೆಂದು ಕೇಳಿದರೆ ಮಾತ್ರ ಹೇಳಲಾರೆ. ಅದನ್ನು ಬಳಸಿದ್ದೇ ಕಡಿಮೆ.

ಕುವೈತಿನ ಬ್ನೇದ್ ಅಲ್ ಗಾರ್‌ನ ಹಳೆಯ ಕಟ್ಟಡವೊಂದರಲ್ಲಿ, ಏಸಿ ಗೊರಗೊರ ಎನ್ನುವ ಒಂದೇ ಫ್ಲ್ಯಾಟಿನಲ್ಲಿ ನಾವೆಲ್ಲ ಇದ್ದೆವು. ಅಪ್ಪ, ಅಮ್ಮ, ನಾನು. ಅಪ್ಪನ ತಮ್ಮ, ಅಂದರೆ ಬಾಪ್ಪು. ಅವರ ಹೆಂಡತಿ ಬೆಟ್ಸಿ ಆಂಟಿ. ಎಲ್ಲರ ಮೇಲೆ ಅಪ್ಪನ ಅಮ್ಮ, ಮಾಯ್. ಆಂಟಿ ಅಮೆರಿಕದವರು, ಶಾಲೆಯೊಂದರಲ್ಲಿ ಟೀಚರ್. ಬಾಪ್ಪುವಿಗೆ ಅವರ ಪರಿಚಯವಾದದ್ದು ಇಗರ್ಜಿಯ ಗಾಯನ ಮಂಡಳಿಯಲ್ಲಿ. ಅಮೆರಿಕವೆಂದರೆ ಮುಗಿಲು ಮುಟ್ಟುವ ಕಟ್ಟಡಗಳು ಎಂದುಕೊಂಡಿದ್ದ ನಮ್ಮ ಮಂಗಳೂರಿನ ನೆಂಟರಿಗೆ ಅವರ ಊರಿನ ವಿವರ ಕೇಳಿ ಬಹಳ ನಿರಾಸೆಯಾಯಿತು. ನಡು ಅಮೆರಿಕದ ಹುಲ್ಲುಬಯಲಿನಲ್ಲಿ ಒಂದೇ ಒಂದು ಬೀದಿಯ ಊರದು. ಊರ ಬಾಗಿಲಲ್ಲಿ ಸಿಮೆಂಟಿನ ಭಾರೀ ಕಾಡುಕೋಳಿ, ಬಾಲ ಮುರಿದದ್ದು. ಮೊದಲು ಬಂದು ನೆಲೆಸಿದವರು ಹುಲ್ಲು ಸಮೇತ ಮಣ್ಣಿನ ಹೆಂಟೆ ಕಡಿದು ಕಟ್ಟಿಕೊಂಡಿದ್ದ ಮನೆ. ಗೋಡೆ ತುಂಬ ಮುಳ್ಳುತಂತಿಯ ತುಂಡುಗಳನ್ನೇ ನೇತುಹಾಕಿದ ಮ್ಯೂಸಿಯಂ. ಬೇಸಿಗೆಯ ಕೊನೆಗೆ ಒಕ್ಕಣೆ ಹಬ್ಬ: ಅಜ್ಜಂದಿರ ಕಾಲದ ಉಗಿಯಂತ್ರಗಳನ್ನು ಹೊರಗೆಳೆದು, ಕಪ್ಪು ಹೊಗೆಯ ನಡುವೆ ಹೊಸ ಗೋಧಿ ಒಕ್ಕುವುದು, ಹೆಂಗಸರು ಮಾಡಿದ ‘ಪೈ’ ಸಿಹಿತಿಂಡಿಯ ಸ್ಪರ್ಧೆ, ಆಮೇಲೆ ಮೆರವಣಿಗೆ. ಬೀದಿ ಗಿಡ್ಡವಾದ್ದರಿಂದ ಮೆರವಣಿಗೆ ತುದಿ ಮುಟ್ಟಿ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತಂತೆ. ಹೋಗುವಾಗ ಕೈಬೀಸಿದವರಿಗೇ ಬರುವಾಗಲೂ ಕೈಬೀಸಬೇಕು. ಸಿಟ್ಟಿದ್ದರೂ ಬೀಸಬೇಕು.

ಇದನ್ನೆಲ್ಲ ನಾನು ಬಿಡುತ್ತೇನೆಯೇ? ಮನೆಗೆ ಯಾರಾದರೂ ಬಂದರೆ ಆಂಟಿಯ ಬಿಸಿಲ ಟೋಪಿ ಹಾಕಿಕೊಂಡು ಅವರದೇ ಎಳೆದೆಳೆದು ಆಡುವ ಸ್ವರದಲ್ಲಿ ನಡುಮನೆಯ ಓಣಿಯುದ್ದಕ್ಕೂ ಊರು ತೋರಿಸುತ್ತಿದ್ದೆ. ಚಪ್ಪಲಿ ಸ್ಟ್ಯಾಂಡೇ ಮ್ಯೂಸಿಯಂ, ಫ್ರಿಜ್ಜೇ ಗೋಧಿಯ ಕಣಜ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಪ್ಪನೇ ಉಗಿಯಂತ್ರ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆಂಟಿಯೇ. ಆದರೆ ಅವರ ಕೋಣೆಯ ಹೊರಗಿನ ಗೋಡೆಯಲ್ಲಿ, ಕೆಂಪು ರಿಬ್ಬನ್ನಿನಲ್ಲಿ ಕಟ್ಟಿ ತೂಗುಹಾಕಿದ ಒಣ ಗೋಧಿ ತೆನೆಗಳ ಹತ್ತಿರ ಬಂದಾಗ ನನ್ನ ಆಟ ನಿಲ್ಲಬೇಕಿತ್ತು. ಅದು ಅವರಪ್ಪನ ಕೊನೆಯ ಬೆಳೆಯದು. ಅವರು ತೀರಿಕೊಂಡ ಮೇಲೆ ಆಂಟಿಯ ಅಣ್ಣಂದಿರು ಕುವೈತಿಗೊಂದು ಫೋನು ಕೂಡ ಮಾಡದೆ ಹೊಲ ಮಾರಿದರು. ಕೊಂಡವರು ಮನೆಯನ್ನೂ ಕೆಡವಿ, ಅದು ನಿಂತಿದ್ದ ಜಾಗವನ್ನೂ ಉತ್ತುಬಿಟ್ಟರು. ಉಳಿದದ್ದು ಗೋಡೆಯ ಮೇಲಿನ ಆ ಒಂದು ಹಿಡಿ. ರಜೆಯಲ್ಲಿ ಕೆಲವು ವಾರ ನೋಡಿದ ಮಾಯ್‌ನ ಊರಿಗಿಂತ ನನಗೆ ಆ ಬೀದಿಯೇ ಹೆಚ್ಚು ಗೊತ್ತಿತ್ತು. ಶಾಲೆಯಲ್ಲಿ ‘ನಿನ್ನೂರು ಯಾವುದು’ ಎಂದರೆ ಬಾಯಲ್ಲಿ ಒಂದು ಹೆಸರು, ಕಣ್ಣೆದುರು ಇನ್ನೊಂದು. ಆ ಗೊಂದಲ ಇನ್ನೂ ಬಿಟ್ಟಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಮೊಂತಿ ಹಬ್ಬ. ಮಾತೆ ಮರಿಯಳ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಪ್ರತಿವರ್ಷ ಊರಿನಿಂದ ಯಾರದೋ ಸೂಟ್‌ಕೇಸಿನಲ್ಲಿ, ಸೀರೆಗಳ ಮಡಿಕೆಯೊಳಗೆ ಮಲಗಿ ಭತ್ತದ ತೆನೆ ಬರುತ್ತಿತ್ತು. ಮಾಯ್ ಕಾಳು ಸುಲಿದು ಪುಡಿಮಾಡಿ, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಒಬ್ಬೊಬ್ಬರಿಗೂ ತಮ್ಮ ಕೈಯಾರೆ ಕೊಡುತ್ತಿದ್ದರು. ಆ ವರ್ಷ ತೆನೆ ಬರಲಿಲ್ಲ. ಯಾಕೆಂದು ಕೇಳಿದರೆ ತರಬೇಕಾದವರು, ಅವರ ಹೆಂಡತಿ, ಅವರ ಮೈದುನ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಹಬ್ಬದೂಟಕ್ಕೆಂದು ತಂದ, ಕುವೈತಿನದೇ ವಫ್ರಾದ ತೋಟದ ಬೆಂಡೆ, ಬದನೆ, ಸೌತೆಕಾಯಿ ಎಲ್ಲ ಅಡುಗೆಮನೆಯಲ್ಲಿ ಸಾಲಾಗಿ ಕೂತಿದ್ದವು. ಮಾಯ್ ಮಾತ್ರ ಸ್ಟೂಲಿನ ಮೇಲೆ ಕೂತು ತಮ್ಮ ಖಾಲಿ ಕೈ ನೋಡಿಕೊಳ್ಳುತ್ತಿದ್ದರು. ಹುಟ್ಟಿದಂದಿನಿಂದ ಹೊಸ ಧಾನ್ಯ ತಪ್ಪಿಸದವರು ಅವರು.

ಬಾಪ್ಪು ಮತ್ತು ಆಂಟಿ ಬೆಳಿಗ್ಗೆಯೇ ಹಾಡಲು ಇಗರ್ಜಿಗೆ ಹೋಗಿದ್ದರು. ನಾನು ಆಂಟಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವರ ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದೆ. ಒಳಗೆ ಸದ್ದು ಕೇಳಿ ಆಂಟಿಯೇ ಬಂದಿದ್ದಾರೆ ಎಂದುಕೊಂಡ ಮಾಯ್ ಮೆಲ್ಲಗೆ ಬಾಗಿಲು ತಟ್ಟಿದರು.

“ಬೆಟ್ಸಿ, ಗೋಡೆಯಲ್ಲಿರುವ ಆ ತೆನೆ ನಾನು ತೆಗೆಯಲಾ? ಮನಸ್ಸಿಲ್ಲದಿದ್ದರೆ ಬೇಡ ಅಂತ ಹೇಳು, ಬೇಸರ ಇಲ್ಲ ಮಗಾ.”

ಏನು ಯೋಚಿಸಿದೆ ಎಂದು ಕೇಳಬೇಡಿ. ಯೋಚಿಸುವ ಅಂಗ ಆಗಿನ್ನೂ ಬೆಳೆದಿರಲಿಲ್ಲ. ಆಂಟಿಯ ಹೆಸರು ಕಿವಿಗೆ ಬಿತ್ತು, ಆಂಟಿಯ ಸ್ವರ ಬಾಯಿಂದ ಹೊರಟಿತು. “ಶೂರ್, ಮಾಯ್. ಎಲ್ಲಾ ತಗೊಳ್ಳಿ.”

ಆಮೇಲೆ ಅಡುಗೆಮನೆಯಲ್ಲಿ ತೆನೆ ಉಜ್ಜುವ ಸದ್ದು, ತಟ್ಟೆಯಲ್ಲಿ ಕೇರುವ ಸದ್ದು, ಮಿಕ್ಸಿಯ ಗರ್ಜನೆ. ನನಗೆ ನಗು ಬಂದಿತ್ತು. ಆಂಟಿ ಇಗರ್ಜಿಯಿಂದ ಬಂದು, ಗೋಡೆಯ ಖಾಲಿ ಮೊಳೆ ನೋಡಿ, ಅದರ ಕೆಳಗೆ ಬಿದ್ದಿದ್ದ ಕೆಂಪು ರಿಬ್ಬನ್ ಎತ್ತಿಕೊಂಡು ಬೆರಳಿಗೆ ಸುತ್ತುತ್ತ ನಿಲ್ಲುವವರೆಗೂ ನಗುತ್ತಲೇ ಇದ್ದೆ. ನೀನೇ ಹ್ಞೂಂ ಅಂದೆಯಲ್ಲ ಎಂದು ಮಾಯ್ ಕೇಳಿದರು. ನಾನೀಗಷ್ಟೇ ಬಂದೆ ಎಂದರು ಆಂಟಿ. ಎಲ್ಲರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ತಪ್ಪೊಪ್ಪಿಕೊಂಡೆ, ಯಾರ ಸ್ವರದಲ್ಲಿ ಎಂಬುದು ನೆನಪಿಲ್ಲ. ಅಪ್ಪ ಬೆಲ್ಟಿಗೆ ಕೈಹಾಕಿದರು. ಮಾಯ್ ಅಳುತ್ತ, ಸತ್ತ ಬೀಗರ ಹೊಲವನ್ನೇ ಅರೆದುಬಿಟ್ಟೆನಲ್ಲ ಎನ್ನುತ್ತ ಪಾತ್ರೆಯೆತ್ತಿ ಸಿಂಕಿನತ್ತ ನಡೆದರು. ಆಂಟಿ ಅವರ ಮಣಿಕಟ್ಟು ಹಿಡಿದುಕೊಂಡರು.

ಆ ಕಟ್ಟಡ ಇದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಮಾಯ್ ಊರಿನ ಇಗರ್ಜಿಯ ಹಿಂದೆ, ತೆಂಗಿನ ನೆರಳಲ್ಲಿ ಮಲಗಿದ್ದಾರೆ. ಬಾಪ್ಪು ಮತ್ತು ಆಂಟಿ ಬೇರೆ ದೇಶದಲ್ಲಿದ್ದಾರೆ, ಆಂಟಿಯ ಊರಿನಲ್ಲಂತೂ ಅಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆ ಜಾಗ ದಾಟುವಾಗ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಅದು ಕೆಡವಿದ ಈ ಫ್ಲ್ಯಾಟಿಗೋ, ನಾನು ಕಾಣದೆಯೇ ಉಳುಮೆಯಲ್ಲಿ ಅಳಿದುಹೋದ ಆ ಮನೆಗೋ, ನನಗೆ ಬಿಡಿಸಲಾಗುವುದಿಲ್ಲ. ನಿಮಗೂ ಇಂಥದೊಂದು ಇರಬಹುದು, ನಿಮ್ಮದಲ್ಲದ ಊರಿನ ಹಂಬಲ. ಇದ್ದರೆ ನಗಬೇಡಿ. ಆದರೆ ಅಂದು ಸಿಂಕಿನ ಪಕ್ಕ ಮಾಯ್‌ನ ಕೈಯಿಂದ ಪಾತ್ರೆ ಇಳಿಸಿಕೊಂಡು ಆಂಟಿ ಆಡಿದ ಮಾತಿನಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

“ಹೊಲ ಮಾರುವಾಗ ನನ್ನ ಹತ್ತಿರ ಯಾರೂ ಕೇಳಲಿಲ್ಲ, ಮಾಯ್. ನೀವು ಬಾಗಿಲು ತಟ್ಟಿ ಕೇಳಿದ್ದೀರಿ. ಉತ್ತರ ಕೊಟ್ಟದ್ದು ಈ ಮಂಗ, ಅಷ್ಟೆ. ಬಡಿಸಿ.”