ಗೌರಕ್ಕನ ಬೋಣಿಗೆ

ಗೌರಕ್ಕ, ಆ ಬೆಳಿಗ್ಗೆ ನಾನು ನಿನ್ನನ್ನು ನನ್ನ ಎದುರಂಗಡಿಗೆ ಕಳಿಸಿದ್ದು ನಿನ್ನ ಮೇಲಿನ ಕರುಣೆಯಿಂದಲ್ಲ. ಕೊಟ್ರಪ್ಪನ ವ್ಯಾಪಾರ ಕೆಡಲಿ ಎಂದು. ಹನ್ನೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಮಂಡಕ್ಕಿ ತಿಂದಿದ್ದೇನೆ.

ಕಂಪ್ಲಿಯ ಪೇಟೆ ಬೀದಿಯಲ್ಲಿ ದಿನದ ವ್ಯಾಪಾರವೆಲ್ಲ ಬೋಣಿಗೆ ಮಾಡಿದವರ, ಬೆಳಿಗ್ಗೆ ಮೊದಲು ಕೊಂಡವರ, ಕೈಗುಣದ ಮೇಲೆ ನಿಂತಿದೆ ಎಂದು ನಾವು ಅಂಗಡಿಯವರು ನಂಬಿದ್ದೆವು. ನೀನು ಗಂಡನನ್ನು ಕಳೆದುಕೊಂಡವಳು. ಮಂಡಕ್ಕಿ ಹುರಿಯಲು ಮದರಾಸು ಕಡೆಯ ಕಲ್ಲುಪ್ಪು ಬೇಕೆಂದು ನೀನು ನಸುಕಿಗೇ ಬಂದರೂ, ಬೇರೆ ಯಾರಾದರೂ ಮೊದಲು ಕೊಳ್ಳುವವರೆಗೆ ಅಂಗಡಿ ಕಟ್ಟೆಯ ಕೆಳಗೆ ನಿಲ್ಲಿಸುತ್ತಿದ್ದೆವು. ನಿನ್ನ ಒಲೆ ಹೊತ್ತುವಷ್ಟರಲ್ಲಿ ಗಿರಾಕಿಗಳು ಬೇರೆಡೆ ತಿಂದು ಮುಗಿಸಿರುತ್ತಿದ್ದರು. ನಾನೂ ನಿಲ್ಲಿಸಿದ್ದೇನೆ — ಎಷ್ಟು ಸಲ...

ಕೊಟ್ರಪ್ಪನ ಅಂಗಡಿಯ ಗದ್ದಲ ಕಂಡು ನನ್ನ ಹೊಟ್ಟೆ ಉರಿಯುತ್ತಿದ್ದ ಕಾಲ ಅದು. ಆ ಬೆಳಿಗ್ಗೆ ಅವನಿನ್ನೂ ಬಾಗಿಲ ಹಲಗೆ ತೆಗೆಯುತ್ತಿದ್ದ. ನಾನು ನಿನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದೆ:

"ಅಕ್ಕ, ಕೊಟ್ರಪ್ಪ ನಿನ್ನ ಕೇಳಾಕತ್ತಿದ್ದ. ಇವತ್ತು ಬೋಣಿಗಿ ನಿನ್ನ ಕೈಲೇ ಆಗ್ಬೇಕಂತ. ಜಲ್ದಿ ಹೋಗು."

ನಿನ್ನ ಮುಖ — ಆ ಮುಖ ಅರಳಿದ್ದು! ನೀನು ಸೆರಗು ಸರಿಮಾಡಿಕೊಂಡು ಅವನ ಅಂಗಡಿಗೆ ಹೋಗಿ, "ಕರದಿಯಂತಲ್ಲಪ್ಪ, ಬಂದೀನಿ" ಎಂದೆ. ಆ ಖುಷಿ ನೋಡಿದ ಮೇಲೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಉಪ್ಪು ಅಳೆದುಕೊಟ್ಟ. ನಾನು ಮಜಾ ನೋಡಲು ಕಾದು ಕುಳಿತೆ.

ಮಧ್ಯಾಹ್ನ ಮೆಟ್ರಿ ಊರಿನ ಮದುವೆ ಮನೆಯವರು ಎರಡು ಬಂಡಿ ಕಟ್ಟಿಕೊಂಡು ಬಂದು ಅವನ ಅಂಗಡಿಯನ್ನು ಗುಡಿಸಿಕೊಂಡು ಹೋದರು! ನನಗೆ ನೊಣ ಹೊಡೆಯುವ ಕೆಲಸ. ಮರುದಿನದಿಂದ ಬೀದಿಗೆ ಬೀದಿಯೇ ಬೋಣಿಗೆಗೆ ನಿನ್ನನ್ನು ಕರೆಯತೊಡಗಿತು. ನಸುಕಿಗೇ ನಿನ್ನ ಒಲೆ ಹೊತ್ತಿತು, ಪೇಟೆಯ ತುಂಬ ಬಿಸಿ ಮಂಡಕ್ಕಿಯ ವಾಸನೆ. ನೆನೆದರೆ ಈಗಲೂ ನಗು ಉಕ್ಕುತ್ತದೆ, ಸಂತೋಷವಾಗುತ್ತದೆ — ಆದರೆ ಆ ಸಂತೋಷಕ್ಕೆ ನಾನು ಹಕ್ಕುದಾರನಲ್ಲ.

ಕೊಟ್ರಪ್ಪ ಪಾಪ, ತಾನು ಕರೆದೇ ಇರಲಿಲ್ಲ ಎಂದು ಆಮೇಲೆ ನಿನಗೆ ಹೇಳಿದನಂತೆ. ನಿನಗೆ ಒಳ್ಳೆಯದಾಗಲೆಂದು ನಾನೇ ಸುಳ್ಳು ಹೇಳಿರಬೇಕು ಎಂದನಂತೆ. ಅಂದಿನಿಂದ ದಿನಾ ಮೊದಲು ಹುರಿದ ಮಂಡಕ್ಕಿಯಲ್ಲಿ ಒಂದು ಬೊಗಸೆ ನನಗೆ ತಂದುಕೊಡುತ್ತೀ. ನನ್ನ ಅಂಗಡಿಯ ಬೋಣಿಗೆಗೆ ಮಾತ್ರ ನಾನು ನಿನ್ನನ್ನು ಎಂದೂ ಕರೆಯಲಿಲ್ಲ. ಅದನ್ನೂ ನೀನು ನನ್ನ ದೊಡ್ಡಗುಣ ಎಂದುಕೊಂಡೆ. ಅಲ್ಲಕ್ಕ, ನಾಚಿಕೆ.

ನಾಳೆ ಅಂಗಡಿ ತೆರೆಯುವ ಮೊದಲು ನಿನ್ನ ಮನೆಗೆ ಬಂದು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಹೇಳಿ, ನನ್ನ ಬೋಣಿಗೆಗೆ ಬಾ ಎಂದು ಕೇಳುತ್ತೇನೆ. ನೀನು ಕರೆಯುವವರೆಗೆ ನಿನ್ನ ಕಟ್ಟೆ ಹತ್ತುವುದಿಲ್ಲ, ಕೆಳಗೇ ನಿಂತಿರುತ್ತೇನೆ.