ಸೊಂಟದ ಹಗ್ಗ ಬಿಚ್ಚಿಟ್ಟ ಹುಸೇನಪೀರ

ದೇವದುರ್ಗದಾಚೆಯ ಕಲ್ಲುಗುಡ್ಡದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹಳೆಯ ಗಣಿಯ ಬಾಯಲ್ಲಿ ಕುಳಿತ ಹುಸೇನಪೀರ ಕಾಲಿಗೆ ದೊಡ್ಡದಾದ ಗಮ್‌ಬೂಟಿನೊಳಗೆ ಬಟ್ಟೆ ತುರುಕುತ್ತಿದ್ದಾರೆ. ಎದ್ದು ನಿಂತರೆ ಜೊತೆಗಾರರ ಎದೆಗೂ ಬಾರದ ಆಳು. ವಯಸ್ಸು ನಲವತ್ತೊಂದು.

"ಕೆಳಗ ಇರೋದು ಬ್ಯಾರೇ ಲೋಕಾರೀ. ಗಾಳಿ ಇಲ್ಲ, ಬೆಳಕಿಲ್ಲ, ಉಸಿರು ಕಟ್ಟೋ ಸೆಕಿ. ಮನಷಾ ಇರೋ ಜಾಗಾನ ಅಲ್ಲದು" ಎನ್ನುತ್ತಾರೆ.

ಬ್ಯಾಟರಿಗೆ ಬೇಕಾದ ಅಪರೂಪದ ಖನಿಜ ಈ ಗಣಿಯ ಕಿರು ಸುರಂಗಗಳಲ್ಲಿದೆ. ಅಲ್ಲಿ ಯಂತ್ರ ಹೋಗದು, ಬೇರೆ ಯಾರೂ ನುಸುಳಲಾರರು. ಅದಕ್ಕೇ ಖಾಸಗಿ ಕಂಪನಿಯೊಂದು ಹನ್ನೊಂದು ವರ್ಷದ ಹಿಂದೆ ಇವರನ್ನು ಹುಡುಕಿಕೊಂಡು ಬಂತು. ದಿನಕ್ಕೆ ಆರು ಸಲ ಇಳಿಯುತ್ತಾರೆ. ತೆವಳುತ್ತಾ ಹೋಗಿ, ಉಳಿಯಿಂದ ಅದಿರು ಬಿಡಿಸಿ, ಚೀಲ ಎಳೆದುಕೊಂಡು ಹಿಂದಕ್ಕೆ ಸರಿಯುತ್ತಾರೆ. ತಿರುಗಲು ಜಾಗವಿರುವುದಿಲ್ಲ.

ದೊಡ್ಡ ಸುರಂಗಗಳಲ್ಲಿ ದುಡಿಯುವ ಉಳಿದವರೆಲ್ಲ ಭುಜ, ತೊಡೆಗೆ ಸುರಕ್ಷಾ ಬೆಲ್ಟ್ ಬಿಗಿದುಕೊಂಡು ಇಳಿಯುತ್ತಿದ್ದರು. ಇವರ ಸೊಂಟಕ್ಕೆ ಮಾತ್ರ ಹಗ್ಗ. ಬೆಲ್ಟ್ ಕೇಳಿದಾಗಲೆಲ್ಲ ಮ್ಯಾನೇಜರ್ ನಗುತ್ತಿದ್ದ: "ನಿನ್ನ ಅಳತಿಗೆ ಯಾರ್ ಮಾಡ್ತಾರಲೇ ಬೆಲ್ಟು?"

ಹೋದ ಶ್ರಾವಣದಲ್ಲಿ ದೊಡ್ಡ ಸುರಂಗವೊಂದರ ಚಾವಣಿ ಕುಸಿಯಿತು. ಜೊತೆಗಾರ, ಪೋತ್ನಾಳದ ಜಗದೀಶ ಕಲ್ಲುಗಳ ಆಚೆ ಸಿಕ್ಕಿಬಿದ್ದರು. ಉಳಿದಿದ್ದು ಒಂದೂವರೆ ಗೇಣಿನ ಸಂದು. ಹುಸೇನಪೀರ ಅದರೊಳಗೆ ನುಗ್ಗಿ, ಐದು ತಾಸು ಬರಿಗೈಯಲ್ಲಿ ಕಲ್ಲು ಸರಿಸಿದರು.

"ನನ್ನ ಕೈ ಹಿಡದು 'ಮಾತಾಡಕೋತ ಇರು ಜಗದೀಶಣ್ಣ, ನಿದ್ದಿ ಮಾಡಬ್ಯಾಡ' ಅಂದ್ರು ಇವ್ರು. ಇಲ್ಲಾಂದ್ರ ನಾ ಇವತ್ತು ಇರ್ತಿದ್ದಿಲ್ಲ" ಎನ್ನುತ್ತಾರೆ ಜಗದೀಶ.

ಜಗದೀಶರನ್ನು ಮೇಲೆ ಕಳಿಸಿ, ತಾವು ಹತ್ತುವಾಗ ಸೊಂಟದ ಹಗ್ಗ ಜಾರಿತು. ಹನ್ನೆರಡು ಅಡಿ ಕೆಳಗೆ ಬಿದ್ದರು. ಮೂರು ಪಕ್ಕೆಲುಬು ಮುರಿದವು. ಅವರು ಆಸ್ಪತ್ರೆಯಲ್ಲಿ ಉಸಿರೆಳೆಯಲು ಒದ್ದಾಡುತ್ತಿದ್ದ ವಾರವೇ ರಾಯಚೂರಿನ ಹೋಟೆಲೊಂದರಲ್ಲಿ ಕಂಪನಿ ಸಮಾರಂಭ ಮಾಡಿತು. 'ಯಂತ್ರಗಳ ನೆರವಿನಿಂದ ಕಾರ್ಮಿಕನ ರಕ್ಷಣೆ' ಎಂದು ವರದಿ ಓದಿತು. ಶಾಲು ಮ್ಯಾನೇಜರ್ ಹೆಗಲೇರಿತು. ನಾಚಿಕೆ ಯಾರ ಮುಖದಲ್ಲೂ ಇರಲಿಲ್ಲ.

"ಪೇಪರಿನ್ಯಾಗ ಆ ಶಾಲಿನ ಫೋಟೋ ನೋಡಿ ನನ್ನ ಮೈ ಉರದು ಹೋತು. ಇವ್ರು ಮಾತ್ರ ಗ್ವಾಡಿ ಕಡೆ ಮಖಾ ಹೊಳ್ಳಿಸಿಕೊಂಡ್ರು" ಎನ್ನುತ್ತಾರೆ ಪತ್ನಿ ಕುಬ್ರಾ ಬೇಗಂ.

ಮೂರು ತಿಂಗಳ ನಂತರ ಕೆಲಸಕ್ಕೆ ಬಂದರೆ, ಮ್ಯಾನೇಜರ್ ಮತ್ತೆ ಹಗ್ಗವನ್ನೇ ಚಾಚಿದ. ಹುಸೇನಪೀರ ಅದನ್ನು ಅವನ ಕಾಲ ಬುಡದಲ್ಲಿಟ್ಟರು.

"ನಾಯಿಗೆ ಕಟ್ರಿ ಇದನ್ನ. ನಾ ಇಳಿಯಂಗಿಲ್ಲ."

ಅಲ್ಲೇ ನೆಲದ ಮೇಲೆ ಕುಳಿತರು. ಪಕ್ಕದಲ್ಲೇ ಜಗದೀಶರೂ ಕುಳಿತರು. ಮಧ್ಯಾಹ್ನದೊಳಗೆ ಇಪ್ಪತ್ತಾರು ಮಂದಿ ಕುಳಿತಿದ್ದರು. ನಾಲ್ಕು ದಿನ ಗಣಿ ಸುಮ್ಮನಿತ್ತು. ಐದನೆಯ ದಿನ ಬೆಲ್ಟ್ ಬಂತು, ಅವರದೇ ಅಳತೆಯದು. ತಯಾರಕರಿಗೆ ಒಂದು ಫೋನ್ ಮಾಡಿದರೆ ಸಾಕಿತ್ತಂತೆ. ಒಂದು ಫೋನ್! ಅದಕ್ಕೆ ಹನ್ನೊಂದು ವರ್ಷ ಮತ್ತು ಒಬ್ಬ ಮನುಷ್ಯನ ಮೂರು ಪಕ್ಕೆಲುಬು ಬೇಕಾಯಿತು.

ಇಂದು ಇಳಿಯುವ ಮುಂಚೆ ಹುಸೇನಪೀರ ನನ್ನ ನೋಟ್‌ಬುಕ್ಕಿನತ್ತ ಬೆರಳು ತೋರುತ್ತಾರೆ.

"ಪೇಪರಿನ್ಯಾಗ ನನ್ನ ಎತ್ತರ ಎಷ್ಟು ಅಂತ ಬರೀಬ್ಯಾಡ್ರಿ. ಎಲ್ಲಾರೂ ಅದನ್ನ ಕೇಳ್ತಾರ. ನೂರಾ ಎಂಬತ್ತು ಅಡಿ ಇಳೀತೀನಿ ನಾ. ಅದನ್ನ ಬರೀರಿ."