ಒಂಬತ್ತು ಪಾಪಣ್ಣಂದಿರು

ಸಾನಮಾವು ಕಾಡಿನಿಂದ ಆನೆ ಇಳಿದರೆ ಊರಿನವರೆಲ್ಲರ ಫೋನಿಗೂ ಎಚ್ಚರಿಕೆ ಹೋಗಬೇಕು. ಅದಕ್ಕೆಂದು ಸೂಳಗಿರಿಯ ರೈತರ ಸಂಘದಲ್ಲಿ ಕೂತು ವೆಬ್ ಪುಟ ಬರೆದವಳು ಪವಿತ್ರ. ಭಯಕ್ಕೆ ಜನ ತಮ್ಮ ಹೆಸರನ್ನು ಅದರ ಪಟ್ಟಿಗೆ ಮೂರು ಮೂರು ಸಲ ಸೇರಿಸುತ್ತಿದ್ದರು. ಹೆಸರು, ನಂಬರು ಎರಡನ್ನೂ ಹೋಲಿಸಿ, ಮತ್ತೆ ಬಂದದ್ದನ್ನು ತೆಗೆಯಲು ಅವಳು ನಲವತ್ತು ಸಾಲು ಕೋಡು ಬರೆದಿದ್ದಳು. ಮಗಳ ಪುಟವೆಂದು ಅಪ್ಪ ಪಾಪಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ಆಮೇಲೆ ಕೃಷ್ಣಗಿರಿಯಿಂದ ಸುಷ್ಮಾ ಕೆಲಸಕ್ಕೆ ಬಂದಳು. ಒಂದು ಸೋಮವಾರ ಆ ನಲವತ್ತು ಸಾಲನ್ನೂ ಅಳಿಸಿ ಒಂದೇ ಸಾಲು ಬರೆದಳು. ‘ಸೆಟ್’ ಅಂದರೆ ಒಂದು ಗುಂಪು; ಅದರಲ್ಲಿ ಒಂದೇ ಮೌಲ್ಯ ಎರಡು ಸಲ ನಿಲ್ಲುವುದಿಲ್ಲ. ಹೆಸರುಗಳನ್ನೆಲ್ಲ ಅದರೊಳಗೆ ಸುರಿದರೆ ಮುಗಿಯಿತು.

“ನೋಡಮ್ಮಾ, ಕೆಲ್ಸ ಅಂದ್ರೆ ಹಿಂಗಿರ್ಬೇಕು,” ಎಂದ ಸಂಘದ ರಾಮಕೃಷ್ಣಪ್ಪ, ಪವಿತ್ರಳ ಮುಖಕ್ಕೇ.

ಅವಳ ಹೊಟ್ಟೆ ಧಗಧಗ ಉರಿಯಿತು. ಸುಷ್ಮಾಳ ನಗು, ಕೀಲಿಮಣೆಯ ಮೇಲೆ ಓಡುವ ಬೆರಳು, ಎಲ್ಲವೂ ಕಣ್ಣಿಗೆ ಚುಚ್ಚಿದವು. ಹುಳುಕು ಹುಡುಕಲೇಬೇಕೆಂದು ಪಟ್ಟಿ ತೆರೆದಳು. ಸಿಕ್ಕಿತು! ಪವಿತ್ರಳ ಊರಲ್ಲಿ ಹಿರಿಮಗನಿಗೆ ತಾತನ ಹೆಸರು. ಪಾಪಣ್ಣಂದಿರೇ ಒಂಬತ್ತು ಜನ. ಸೆಟ್ ಒಬ್ಬನನ್ನು ಉಳಿಸಿಕೊಂಡು ಎಂಟು ಜನರನ್ನು ಕೈಬಿಟ್ಟಿತ್ತು. ಅಪ್ಪನೂ ಆ ಎಂಟರಲ್ಲಿದ್ದ. ಆನೆ ಬಂದರೆ ಅಪ್ಪನಿಗೆ ನಾನೇ ಫೋನ್ ಮಾಡಿದರಾಯಿತು, ಶುಕ್ರವಾರದ ಸಭೆಯಲ್ಲಿ ಎಲ್ಲರೆದುರು ಇವಳ ಜಂಬ ಇಳಿಸುತ್ತೇನೆ ಎಂದುಕೊಂಡು ಪವಿತ್ರ ಬಾಯಿ ಮುಚ್ಚಿಕೊಂಡಳು. ಮೂರು ದಿನ ಅವಳಿಗೆ ಊಟ ರುಚಿಸಿತು.

ಗುರುವಾರ ಬೆಳಗ್ಗೆ ಆನೆ ಬಂತು. ಪವಿತ್ರ ಬಸ್ಸಿನಲ್ಲಿದ್ದಳು, ಸಿಗ್ನಲ್ ಇರಲಿಲ್ಲ. ಅಪ್ಪ ರಾಗಿ ಹೊಲದಲ್ಲಿದ್ದ. ಎಚ್ಚರಿಕೆ ಸಿಕ್ಕಿದ ಒಬ್ಬನೇ ಪಾಪಣ್ಣ, ಪಕ್ಕದ ಹೊಲದವನು, ಕೂಗುತ್ತ ಓಡಿಬಂದು ಅಪ್ಪನನ್ನು ಎಳೆದೊಯ್ದ. ಓಡುವಾಗ ಬಿದ್ದು ಅವನ ಕೈ ಮುರಿಯಿತು.

ಪವಿತ್ರ ಮನೆಗೆ ಬಂದಾಗ ಅಪ್ಪ ಕೈಗೆ ಕಟ್ಟು ಹಾಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದ.

“ನಂಗ್ ಮೆಸೇಜೇ ಬರ್ಲಿಲ್ಲ ಕಣಮ್ಮ. ಈ ಫೋನೇ ಕೆಟ್ಟೋಗದೆ. ನೀನ್ ಬರ್ದಿದ್ದು ತಪ್ಪಾಗಕ್ಕಿಲ್ಲ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅಲ್ಲೇ ನಿಂತು ಸುಷ್ಮಾಳಿಗೆ ಫೋನ್ ಮಾಡಿದಳು.

“ಸೆಟ್‌ಗೆ ಹೆಸ್ರು ಹಾಕ್ಬೇಡ, ನಂಬರ್ ಹಾಕು. ನಮ್ಮೂರಾಗೆ ಒಂಬತ್ತು ಜನ ಪಾಪಣ್ಣ ಅವ್ರೆ. ಎಂಟು ಜನ ಬಿಟ್ಟೋಗವ್ರೆ.”

“ಅಯ್ಯೋ, ಅಕ್ಕಾ!” ಎಂದಳು ಸುಷ್ಮಾ. “ನಿಮ್ಗೆ ಯಾವಾಗ ಗೊತ್ತಾಯ್ತು?”

ಈಗ ತಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಅವಳನ್ನೇ ನೋಡುತ್ತಿದ್ದ.

“ಸೋಮವಾರ,” ಎಂದಳು ಪವಿತ್ರ.